ಪೂಜೆಗೆ ಕೂತು ಏಳದ ಕಂಪ್ಯೂಟರು

ಇಲಿ ವೈರು ಕಡಿದಿರಬಹುದು. ನಮ್ಮ ಮನೆಯಲ್ಲಿ ಇಲಿಗಳೇ ಇಲ್ಲವೆಂದು ಹೆಂಡತಿ ಹೇಳುತ್ತಾಳೆ, ಆದರೆ ಇಲಿಗಳು ಅವಳ ಅಪ್ಪಣೆ ಕೇಳಿ ಬರುವುದಿಲ್ಲ. ಹಲ್ಲಿಯೊಂದು ಫ್ಯಾನಿನೊಳಗೆ ಹೊಕ್ಕು ಅಲ್ಲೇ ಪ್ರಾಣ ಬಿಟ್ಟಿರಬಹುದು. ಕರೆಂಟು ಹೋಗಿ, ಬಂದು, ಮನಸ್ಸು ಬದಲಾಯಿಸಿ ಮತ್ತೆ ಹೋದಾಗ ಒಳಗಿನ ಯಾವುದೋ ಸೂಕ್ಷ್ಮ ಭಾಗ ಸುಟ್ಟಿರಬಹುದು. ಕಡಲೆ ಬಿತ್ತನೆಗೆ ಓಡಾಡುವ ಟ್ರ್ಯಾಕ್ಟರುಗಳು ಎಬ್ಬಿಸಿದ ಎರೆಮಣ್ಣಿನ ಧೂಳು ಡಬ್ಬಿಯೊಳಗೆ ಕೂತು ಕೂತು ಅಲ್ಲೊಂದು ಸಣ್ಣ ಹೊಲವೇ ಆಗಿರಬಹುದು. ಮದುವೆ ಫೋಟೋ ತುಂಬಿಕೊಂಡು ಊರೆಲ್ಲ ತಿರುಗಿ ಬಂದ ಪೆನ್‌ಡ್ರೈವೊಂದನ್ನು ಹೋದ ತಿಂಗಳು ಚುಚ್ಚಿದ್ದೆ. ಅದರಿಂದ ವೈರಸ್ ಇಳಿದಿರಬಹುದು. ಹೆಂಡತಿ ಒದ್ದೆ ಅರಿವೆಯಿಂದ ಒರೆಸುವಾಗ ಒಂದು ಹನಿ ಒಳಗೆ ಹೋಗಿರಬಹುದು. ಡಿಸ್ಕಿಗೆ ವಯಸ್ಸಾಗಿರಬಹುದು, ನನ್ನ ಮೊಣಕಾಲು ಕೂಡ ಮೊನ್ನೆ ಮೊನ್ನೆಯವರೆಗೆ ಏನೂ ಅನ್ನುತ್ತಿರಲಿಲ್ಲ. ದೂರದ ಯಾವುದೋ ದೇಶದಲ್ಲಿ ಕೂತ ಕಳ್ಳನೊಬ್ಬ, ಎಂಟನೆಯ ಇಯತ್ತೆಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯ ಮೇಲೆ ಕಣ್ಣಿಟ್ಟು, ನಮ್ಮೂರು ಸಂಶಿಯವರೆಗೆ ಕೈ ಚಾಚಿರಬಹುದು.

ಕಂಪ್ಯೂಟರು ಏಳದೇ ಹೋದ ಆ ಮಧ್ಯಾಹ್ನ, ಬಸಿಯಲ್ಲಿದ್ದ ಚಹಾ ಆರುವುದರೊಳಗೆ, ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಈ ಎಲ್ಲ ಅನುಮಾನಗಳಲ್ಲಿ ಒಂದು ಸುಖವಿತ್ತು. ಇವುಗಳಲ್ಲಿ ಎಲ್ಲೂ ನಾನಿರಲಿಲ್ಲ.

ನಾನು ಹೈಸ್ಕೂಲು ಮಾಸ್ತರ. ಚಿಂತೆ ಮಾಡುವುದು ನನಗೆ ಉಸಿರಾಡಿದಷ್ಟು ಸಲೀಸು. ಮನೆಗೆ ಕೀಲಿ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ಜಗ್ಗಿ ನೋಡುವವನು ನಾನು. ಒಮ್ಮೆ ಹಾಗೆ ಜಗ್ಗಿ ಜಗ್ಗಿ ಕೀಲಿಯೇ ಕಿತ್ತು ಕೈಗೆ ಬಂತು. ಮನೆಗೆ ಕಂಪ್ಯೂಟರು ಬಂದ ಮೇಲೆ ನನ್ನ ಚಿಂತೆಗೊಂದು ಕಾಯಂ ಉದ್ಯೋಗ ಸಿಕ್ಕಿತು. ಅದು, ನಕಲು ಮಾಡಿಡುವುದು. ಹೊಲದ ಉತಾರ, ಮಾರ್ಕ್ಸ್‌ಕಾರ್ಡು, ಕರೆಂಟ್ ಬಿಲ್ಲು, ಮದುವೆಯ ಫೋಟೋ, ಎಲ್ಲವನ್ನೂ ‘ಭದ್ರ’ ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟೆ. ಆ ಫೋಲ್ಡರಿಗೇ ಏನಾದರೂ ಆದರೆ ಎಂದು ‘ಬಹಳ ಭದ್ರ’ ಮಾಡಿದೆ. ಆಮೇಲೆ ಅವೆರಡನ್ನೂ ಕೂಡಿಸಿ ಇನ್ನೊಂದು ಕಡೆ ಇಟ್ಟೆ. ಅದಕ್ಕೆ ಹೆಸರಿಡುವಷ್ಟರಲ್ಲಿ ನನ್ನ ಶಬ್ದಭಂಡಾರ ಮುಗಿದಿತ್ತು. ಕಡೆಗೊಂದು ದಿನ ಕಂಪ್ಯೂಟರು, ಇನ್ನು ಜಾಗವಿಲ್ಲ ಎಂದು ತೆರೆಯ ಮೇಲೆ ಹೇಳಿತು. ಜಾಗವಿಲ್ಲದೆ ಹೋದರೆ ಏನೇನಾಗಬಹುದು ಎಂಬ ಚಿಂತೆ ಅಲ್ಲಿಂದ ಶುರುವಾಯಿತು.

ಅದೇ ಕಂಪ್ಯೂಟರಿನಲ್ಲಿ ಹೆಂಡತಿ ಕಸೂತಿ ಬಿಡಿಸುತ್ತಿದ್ದಳು. ಕಸೂತಿಯವರು ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಹೊಸ ಚಿತ್ತಾರ ಬೇಕಾದರೆ ಮೊದಲು ಚೌಕಳಿ ಹಾಳೆಯ ಮೇಲೆ ಬಿಡಿಸಿ ನೋಡಬೇಕು. ಇವಳು ಅಳಿಸಿ ಅಳಿಸಿ ಹಾಳೆ ತೂತು ಬೀಳುತ್ತಿತ್ತು. ನಾನು ಮಕ್ಕಳ ಅಂಕ ತುಂಬುತ್ತಿದ್ದ ಸ್ಪ್ರೆಡ್‌ಶೀಟನ್ನು ಒಂದು ದಿನ ಹಿಂದೆ ನಿಂತು ನೋಡಿದವಳು, “ಇವೂ ಚೌಕಳಿನ ಅಲ್ಲೇನ್ರಿ?” ಅಂದಳು. ಮರುದಿನದಿಂದ ಆ ಮನೆಗಳನ್ನೆಲ್ಲ ಕುಗ್ಗಿಸಿ ಸಣ್ಣ ಸಣ್ಣ ಚೌಕ ಮಾಡಿ, ಒಂದೊಂದಕ್ಕೂ ಬಣ್ಣ ತುಂಬುತ್ತ ಕೂತಳು. ನಾನು ಅನುತ್ತೀರ್ಣರನ್ನು ತುಂಬುತ್ತಿದ್ದ ಹಾಳೆಯಲ್ಲಿ ಅವಳು ನವಿಲು ತುಂಬಿದಳು.

ಈ ವರ್ಷ ಅವಳು ತುಂಬುತ್ತಿದ್ದುದು ಗೋಪುರ. ತಂಬೂರು ಎಂಬ ಊರಿನ ತವರಿನಲ್ಲಿರುವ ಅವಳ ತಂಗಿ, ಮದುವೆಯಾಗಿ ಬಹಳ ವರ್ಷಗಳ ಮೇಲೆ, ಎಲ್ಲರೂ ಕೇಳುವುದನ್ನು ಬಿಟ್ಟ ಮೇಲೆ, ಬಸುರಿಯಾಗಿದ್ದಳು. ದಸರೆ ಮುಗಿದ ಶುಕ್ರವಾರ ಅವಳ ಕುಬಸ, ಅಂದರೆ ಸೀಮಂತ. ಕುಬಸಕ್ಕೆ ಉಡಿಸುವ ಹಸಿರು ಇಳಕಲ್ ಸೀರೆಯ ಮೇಲೆ ಅಕ್ಕನ ಕೈಯ ಕಸೂತಿಯೇ ಇರಬೇಕೆಂದು ಇವಳ ಹಟ. ದಡಿಯ ಸಾಲನ್ನು ಓಣಿಯ ಇಬ್ಬರು ಹೆಂಗಸರು ಸೇರಿ ಮುಗಿಸಿಕೊಟ್ಟಿದ್ದರು. ಸೆರಗಿನ ನಡುವಿನ ಗೋಪುರ ಮಾತ್ರ ಇವಳದೇ. ಅದು ಯಾವ ಹಳೆಯ ಸೀರೆಯಲ್ಲೂ ಇರಲಿಲ್ಲ. ಹಾಕುತ್ತ ಹಾಕುತ್ತ ಬದಲಿಸುತ್ತಿದ್ದುದರಿಂದ ಪ್ರಿಂಟು ತೆಗೆಸಿರಲಿಲ್ಲ. ತೆರೆಯ ಮುಂದೆ ಕೂತು, ನೋಡಿ, ಎಣಿಸಿ, ಸೂಜಿ ಹಾಕುತ್ತಿದ್ದಳು. ಗೋಪುರ ಹೆಗಲವರೆಗೆ ಬಂದಿತ್ತು. ಮೇಲಿನ ಭಾಗ, ಕಳಸ ಸಮೇತ, ಇನ್ನೂ ಕಂಪ್ಯೂಟರಿನಲ್ಲೇ ಇತ್ತು.

ಅಷ್ಟರಲ್ಲಿ ಮಾನವಮಿಯ ಸ್ವಚ್ಛತೆ ಬಂತು. ಕೌದಿಗಳೆಲ್ಲ ಹಳ್ಳಕ್ಕೆ ಹೋಗಿ ಬಂದವು. ಡಬ್ಬಿಗಳೆಲ್ಲ ಅಂಗಳದಲ್ಲಿ ಬೋರಲು ಬಿದ್ದವು. ನಮ್ಮ ಕಡೆ ಆಯುಧಪೂಜೆಗೆ ಖಂಡೇಪೂಜೆ ಅನ್ನುತ್ತಾರೆ. ಅವತ್ತು ಪೂಜೆಗೆ ಕೂಡುವ ಸಾಮಾನು ಹೊರಗಷ್ಟೇ ಅಲ್ಲ, ಒಳಗೂ ಸ್ವಚ್ಛ ಇರಬೇಕೆಂಬುದು ನನ್ನ ಅತ್ತೆಯವರ ಮನೆಯ ಕಾಯಿದೆ. ಹೊಲಿಗೆ ಯಂತ್ರವನ್ನು ಬಿಚ್ಚಿ ಎಣ್ಣೆ ಬಿಟ್ಟದ್ದಾಗಿತ್ತು. ಸ್ಕೂಟರಿನ ಡಿಕ್ಕಿಯಿಂದ ಹಳೆಯ ಕಡಲೆಯ ಸಿಪ್ಪೆ ತೆಗೆದದ್ದಾಗಿತ್ತು. ಹೆಂಡತಿ ಕಂಪ್ಯೂಟರನ್ನು ಒರೆಸಿ, ಕೈಯಲ್ಲಿದ್ದ ಅರಿವೆಯನ್ನು ಅದರ ಕಡೆಗೇ ತೋರಿಸಿ ಹೇಳಿದಳು:

“ಹೊರಗಿಂದು ನಾ ಒರಸೀನ್ರಿ. ಒಳಗಿನ ಕಸಾ ನೀವು ತಗೀರಿ. ನಾಳೆ ಪೂಜಿಗೆ ಕುಂಡ್ರಸೂದೈತಿ.”

ಎಲ್ಲಿಯೂ ಯಾರೂ ಹಬ್ಬಕ್ಕೆಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕಸ ಗುಡಿಸಿರಲಿಕ್ಕಿಲ್ಲ. ನಾನು ಗುಡಿಸಿದೆ. ಮೊದಲು ನನ್ನ ‘ಭದ್ರ’ಗಳನ್ನು ತೆರೆದು ಒಂದೊಂದೇ ನಕಲನ್ನು ತೆಗೆದೆ. ತೆಗೆಯುವುದರಲ್ಲಿ ಒಂದು ಅಮಲಿದೆ. ಒಳಕೋಣೆಗಳನ್ನು ಮುಗಿಸಿ ಪಡಸಾಲೆಗೆ ಬಂದೆ, ಅಂದರೆ ಕಂಪ್ಯೂಟರಿನ ಎಲ್ಲಕ್ಕೂ ಮೇಲಿನ ಫೋಲ್ಡರಿಗೆ. ಅಲ್ಲಿ ನಾನೆಂದೂ ಹೆಸರು ಕೇಳದ ಫೋಲ್ಡರುಗಳು ಸಾಲಾಗಿ ಕೂತಿದ್ದವು. ತೆರೆದು ನೋಡಿದರೆ ಕೆಲವುಗಳ ಒಳಗಿದ್ದದ್ದೇ ಇನ್ನೊಂದು ಕಡೆಯೂ ಇದೆ! ಅದೇ ಹೆಸರು, ಅದೇ ಸಾಲು. ನನ್ನ ಮನಸ್ಸು ತುಂಬಿ ಬಂತು. ಇದನ್ನು ಮಾಡಿದವನೂ ನನ್ನಂಥ ಅಂಜುಬುರುಕನೇ ಇರಬೇಕು, ನಕಲು ಮಾಡಿಟ್ಟಿದ್ದಾನೆ ಎಂದುಕೊಂಡೆ. ಅಳಿಸಹೋದರೆ ಅನುಮತಿ ಇಲ್ಲವೆಂದಿತು. ನನ್ನ ಮನೆ, ನನ್ನ ಕರೆಂಟು, ನನಗೇ ಅನುಮತಿ ಇಲ್ಲವೇ? ಪಾಸ್‌ವರ್ಡು ಕೊಟ್ಟು, ಒಡೆಯನಾಗಿ ಒಳಗೆ ಹೋಗಿ, ಗುಂಡಿ ಒತ್ತಿದೆ. ಒಂದನ್ನು ಅಳಿಸಿದೆನೋ, ಸಾಲಿಗೆ ಸಾಲನ್ನೇ ಅಳಿಸಿದೆನೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಯಾವುದೂ ತೆರೆಯದಂತಾಯಿತು. ಸ್ಪ್ರೆಡ್‌ಶೀಟು ತೆಗೆ ಅಂದರೆ ಕಡತ ಸಿಗುತ್ತಿಲ್ಲ. ಚಿತ್ರ ತೋರಿಸು ಅಂದರೆ ಕಡತ ಸಿಗುತ್ತಿಲ್ಲ. ಬಂದ್ ಆಗು ಅಂದರೆ ಅದಕ್ಕೂ ಕಡತ ಸಿಗಲಿಲ್ಲ. ಗೋಡೆಯ ಸ್ವಿಚ್ಚನ್ನೇ ಆರಿಸಿ, ಮತ್ತೆ ಹಾಕಿದೆ. ಕರಿಯ ತೆರೆ, ಬಿಳಿಯ ಅಕ್ಷರ, ಕಡೆಯ ಸಾಲಿನಲ್ಲಿ ‘ಪ್ಯಾನಿಕ್’ ಎಂಬ ಇಂಗ್ಲಿಷ್ ಶಬ್ದ. ಯಂತ್ರಕ್ಕೆ ದಿಗಿಲು ಬಿದ್ದಿತ್ತು. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ನಾನಿದ್ದೇನೆ. ಅದು ಯಾಕೆ ತ್ರಾಸು ತೆಗೆದುಕೊಂಡಿತೋ.

ಇಲಿ, ಹಲ್ಲಿ, ಕರೆಂಟು, ಪರದೇಶದ ಕಳ್ಳ ಎಲ್ಲರೂ ನನ್ನ ಸಹಾಯಕ್ಕೆ ಬಂದದ್ದು ಆಗಲೇ.

ಮರುದಿನ ಕಂಪ್ಯೂಟರು ಮಣೆಯ ಮೇಲೆ ಕೂತಿತು. ಬಲಕ್ಕೆ ಕುಡಗೋಲು, ಎಡಕ್ಕೆ ಈಳಿಗೆ, ಹಿಂದೆ ಹೊಲಿಗೆ ಯಂತ್ರ. ಹೆಂಡತಿ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದಳು. ಸತ್ತಿದೆಯೆಂದು ಗೊತ್ತಿದ್ದ ಯಂತ್ರಕ್ಕೆ ನಾನು ಆರತಿ ಬೆಳಗಿದೆ. ಪೂಜೆಗೆ ಕೂತ ಸಾಮಾನನ್ನು ಅವತ್ತು ಯಾರೂ ಮುಟ್ಟಿ ಕೆಲಸ ಮಾಡುವುದಿಲ್ಲ, ಹೀಗಾಗಿ ನನಗೆ ಒಂದು ದಿನದ ಜೀವದಾನ ಸಿಕ್ಕಿತ್ತು. ಆ ಕೃತಜ್ಞತೆಗೆ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದೆ. ಹೆಂಡತಿ ಊದಿನಕಡ್ಡಿ ಹಿಡಿದವಳು ಹಾಗೇ ನಿಂತಳು.

“ಇಷ್ಟ ಭಕ್ತಿ ಎಂದಿನಿಂದ ಬಂತ್ರಿ ನಿಮಗ?”

“ವಯಸ್ಸಾತಲ್ಲ,” ಅಂದೆ.

ದಸರೆಯ ದಿನವೂ ಹೇಗೋ ದಾಟಿತು. ಊರೆಲ್ಲ ಬನ್ನಿ ಹಂಚಿ ಬಂದೆವು. ಅವಳು ನೆನಪಿನಿಂದ ಕಂಪ್ಯೂಟರಿನ ನೆತ್ತಿಯ ಮೇಲೂ ನಾಲ್ಕು ಬನ್ನಿ ಎಲೆ ಇಟ್ಟಳು. ಅದರ ಮರುದಿನ ಬೆಳಿಗ್ಗೆ ಚಹಾ ಕುಡಿದು, ಕನ್ನಡಕ ಏರಿಸಿ, ಸೆರಗನ್ನು ತೊಡೆಯ ಮೇಲೆ ಹರವಿಕೊಂಡು ಸ್ವಿಚ್ ಹಾಕಿದಳು. ನಾನು ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದೆ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಉಜ್ಜುತ್ತಿದ್ದೆ.

“ರೀ, ಇದ್ಯಾಕ ಕರ್ರಗ ಕುಂತೈತಿ?”

“ತಡಿ ಸ್ವಲ್ಪ. ರಜಾ ಮುಗಿಸಿ ಬಂದೈತಿ. ಹೊಳ್ಳಿ ಕೆಲಸಕ್ಕ ಹತ್ತಾಕ ವ್ಯಾಳ್ಯಾ ಹಿಡಿತೈತಿ.”

“ನಿಮ್ಮಂಗನ?”

ಬಾಯಿ ಮುಕ್ಕಳಿಸಿ ಒಳಗೆ ಬಂದು, ಗಂಭೀರವಾಗಿ ಬಗ್ಗಿ ನೋಡಿದೆ. “ಇಲಿ ವೈರ್ ಕಡದಿರಬೇಕು.”

“ಇಲಿ ಕಡದು, ಇಂಗ್ಲಿಷಿನ್ಯಾಗ ಬರದಿಟ್ಟ ಹೋಗೂದಿಲ್ರಿ. ಏನ್ ಬರದೈತಿ, ಓದ್ರಿ.”

“ಗಾಬರಿ ಆಗೈತಿ ಅಂತ ಬರದೈತಿ.”

“ಯಾರಿಗೆ?”

“ಕಂಪ್ಯೂಟರಿಗೆ.”

ಅವಳು ತೆರೆಯನ್ನು ನೋಡಿದಳು. ನನ್ನನ್ನು ನೋಡಿದಳು. “ಉದ್ದಕ ಬಿದ್ದು ನಮಸ್ಕಾರ ಯಾಕ ಹಾಕಿದ್ರಿ ಅನ್ನೂದು ಈಗ ತಿಳೀತು,” ಅಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸೆರಗನ್ನು ಎತ್ತಿ ಬೆಳಕಿಗೆ ಹಿಡಿದು ಹೆಗಲವರೆಗೆ ಬಂದ ಗೋಪುರವನ್ನು ನೋಡುತ್ತ ಕೂತಳು.

“ಶುಕ್ರವಾರ ನನ್ನ ತಂಗಿ ಮೈಮ್ಯಾಲೆ ಅರ್ಧಾ ಗುಡಿ ಹೊಚ್ಚಲ್ಯಾ?” ಅಂದಳು, ನನಗಲ್ಲ, ಸೆರಗಿಗೆ.

ಬೈದಿದ್ದರೆ ಚೆನ್ನಾಗಿತ್ತು.

ಆ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವನು ನನ್ನ ಗೆಳೆಯ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯವನು, ಈಗ ಅಳ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರು ಕಲಿಸುತ್ತಾನೆ. ತನಗೆ ಗೊತ್ತಿದ್ದದ್ದನ್ನು ಎದುರಿನವನಿಗೆ ಗೊತ್ತಿಲ್ಲವೆಂದು ಮೊದಲು ಒಪ್ಪಿಸಿ, ಆಮೇಲೆ ಹೇಳುವ ಸ್ವಭಾವ. ಫೋನ್ ಹಚ್ಚಿದೆ. ಹೆಂಡತಿ ಸ್ಪೀಕರ್ ಗುಂಡಿ ತಾನೇ ಒತ್ತಿದಳು.

“ಏನ್ ಅಳಿಸೀಲೇ?”

“ಕಸಾ.”

“ಕಸಾ ಅಂತ ಯಾರ್ ಹೇಳಿದ್ರು ನಿನಗ?”

“ಒಂದ ಸಾಮಾನು ಎರಡೆರಡು ಕಡೆ ಇತ್ತೋ.”

“ನಿನಗ ಎರಡು ಕಿವಿ ಅದಾವಲ್ಲ, ಒಂದು ತಗದು ಒಗದಿಯೇನ? ಪಾಸ್‌ವರ್ಡ್ ಕೇಳಿಲ್ಲ ಅದು?”

“ಕೇಳ್ತು. ಕೊಟ್ಟೆ.”

“ಶಾಬಾಸ್. ಸಿಸ್ಟಂ ಲೈಬ್ರರಿಗೆ ಕೈ ಹಾಕೀದಿ ನೀ. ಅವು ಹೋದ್ವು ಅಂದ್ರ ಯಾವ ಪ್ರೋಗ್ರಾಮೂ ಹೆಜ್ಜಿ ಕಿತ್ತಿಡೂದಿಲ್ಲ. ಏಳೂದಂತೂ ದೂರ ಉಳೀತು.”

“ಅಣ್ಣಾರ, ನನ್ನ ಸೆರಗು?” ಎಂದು ಹೆಂಡತಿ ಫೋನಿನ ಮೇಲೆ ಬಗ್ಗಿದಳು. “ಸೆರಗಿಂದು ಬರದಿಟ್ಟಿದ್ದು ಇರ್ತೈತೋ ಇಲ್ಲೋ?”

“ವೈನಿ, ಡಿಸ್ಕು ನೆಟ್ಟಗಿದ್ದು, ಈ ಮಗಾ ಮತ್ತೊಂದಕ್ಕ ಕೈ ಹಚ್ಚಿರಲಿಲ್ಲ ಅಂದ್ರ…”

ಅಷ್ಟರಲ್ಲಿ ಗೂಡ್ಸ್ ಗಾಡಿ ಕೂಗಿತು. ಅಳ್ನಾವರದವರು ಗಾಡಿ ಬಂದರೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಾರೆ. ಗೋವೆಯ ಕಡೆಯ ಗಾಡಿ. ಡಬ್ಬಿ ಮುಗಿಯುವುದೇ ಇಲ್ಲ. ಆ ಗಡಗಡದಲ್ಲಿ ನಾನೊಂದು ಹೊಸ ಚಿಂತೆಯನ್ನು ಹುಟ್ಟಿಸಿ ದೊಡ್ಡದು ಮಾಡಿದೆ. ಅವಳು ತನ್ನ ಕಡತಗಳಿಗೆ ‘ಸೆರಗು’, ‘ಸೆರಗು ಹೊಸದು’, ‘ಸೆರಗು ಇನ್ನೊಂದು’ ಎಂದು ಹೆಸರಿಡುತ್ತಿದ್ದಳು. ನಕಲುಗಳನ್ನು ತೆಗೆಯುವ ಅಮಲಿನಲ್ಲಿ ನಾನು ‘ಇನ್ನೊಂದು’ ಎಂಬುದನ್ನೂ ನಕಲೆಂದು ತಿಳಿದು…

“…ಇರ್ತಾವು,” ಅಂದ ಗೆಳೆಯ, ಗಾಡಿ ದಾಟಿದ ಮೇಲೆ. “ಡಬ್ಬಿ ಅಷ್ಟ ಹೊತ್ಕೊಂಡ್ ಬಾ. ತೆರಿ ಬ್ಯಾಡ, ನಂದ ಐತಿ. ಮತ್ತ ಕೇಳಲೇ, ದಾರಿಯಾಗ ಏನೂ ಸ್ವಚ್ಛ ಮಾಡಬ್ಯಾಡ.”

ಹೊರಟೆವು. ಹೆಂಡತಿ ತಾನೂ ಬರುತ್ತೇನೆಂದಳು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ಸೀರೆ, ಸೂಜಿ, ದಾರದ ಉಂಡೆಗಳಿದ್ದ ಚೀಲ ಅವಳ ಹೆಗಲಿಗೆ. ಕೌದಿಯಲ್ಲಿ ಸುತ್ತಿದ ಕಂಪ್ಯೂಟರಿನ ಡಬ್ಬಿ ನನ್ನ ತೊಡೆಯ ಮೇಲೆ. ಪೂಜೆಯ ಮಾಲೆ ತೆಗೆಯಲು ಅವಳು ಬಿಟ್ಟಿರಲಿಲ್ಲ. “ಹೂವು ತಾನಾಗೇ ಬಾಡಿ ಉದುರಬೇಕು, ನೀವು ಇನ್ನೇನೂ ತಗೀಬ್ಯಾಡ್ರಿ,” ಅಂದಿದ್ದಳು. ಹುಬ್ಬಳ್ಳಿಯ ಬಸ್ಸಿನಲ್ಲಿ ಕೌದಿ ಸರಿದು ವಿಭೂತಿ, ಕುಂಕುಮ, ಚೆಂಡುಹೂವು ಎಲ್ಲ ಹೊರಗೆ ಕಂಡವು. ಬಾಜೂ ಸೀಟಿನ ಮುದುಕಿ ಮೊದಲು ನೋಡಿದಳು, ಆಮೇಲೆ ಕೈ ಮುಗಿದಳು, ಆಮೇಲೆ ಕೇಳಿದಳು:

“ಯಾವ ದೇವರ್ರೀ ಯಪ್ಪಾ?”

ನಾನು ಬಾಯಿ ತೆಗೆಯುವಷ್ಟರಲ್ಲಿ ಹೆಂಡತಿ ಹೇಳಿದಳು: “ದೇವರಲ್ಲಬೇ ಆಯಿ, ನಮ್ಮನಿಯವರ ಜಾಣತನಾ. ಕಟ್ಟಿಕೊಂಡು ಹೊಂಟೇವಿ.”

ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಭಾಳ ಭಾರ ಐತೇನು?” ಎಂದು ಕನಿಕರದಿಂದ ಕೇಳಿದಳು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಧಾರವಾಡದಲ್ಲಿ ಮತ್ತೊಮ್ಮೆ ಬದಲಿಸಿದೆವು. ಪ್ರತಿ ಗುಂಡಿಗೂ ನಾನು ಡಬ್ಬಿಯನ್ನು ಎದೆಗೆ ಅವಚಿ ಮೇಲೆತ್ತಿ ಹಿಡಿಯುತ್ತಿದ್ದೆ. ಅಲುಗಾಡಿದರೆ ಒಳಗಿನ ಗೋಪುರದ ಚೌಕಗಳೆಲ್ಲ ಒಂದು ಮೂಲೆಗೆ ಜಾರಿಬಿಡುತ್ತವೆ ಎಂಬಂತೆ. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆದರೆ ಅವಳ ಬೆರಳು ತೊಡೆಯ ಮೇಲೆ ಏನನ್ನೋ ಎಣಿಸುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿತ್ತು. ಗೋಪುರದ ಮೇಲಿನ ಭಾಗವನ್ನು ನೆನಪಿನಿಂದ ಕಟ್ಟಲು ನೋಡುತ್ತಿದ್ದಾಳೆಂದು ತಿಳಿದು ನಾನು ಆಚೆ ನೋಡಿದೆ.

ಅಳ್ನಾವರದ ಮನೆಯ ಬಾಗಿಲಲ್ಲೇ ನಿಂತಿದ್ದ ಗೆಳೆಯ ಮಾಲೆ ಹಾಕಿದ ಡಬ್ಬಿಯನ್ನು ನೋಡಿ, “ಮಣ್ಣ ಮಾಡಾಕ ತಂದಿಯೇನಲೇ?” ಅಂದ. ಹೆಂಡತಿಗೆ, “ಬರ್ರಿ ವೈನಿ, ಕುಂಡ್ರಿ, ಚಹಾ ಆಗೈತಿ,” ಅಂದ. ಅವಳು ಚಹಾ ಆಮೇಲೆ ಅಂದಳು.

ಅವನು ಮೇಜಿನ ಮೇಲೆ ಡಬ್ಬಿಯಿಟ್ಟು, ತನ್ನ ತೆರೆಗೆ ಜೋಡಿಸಿ, ಒಂದು ಪೆನ್‌ಡ್ರೈವು ಚುಚ್ಚಿದ. ಅದರಲ್ಲಿ ಒಂದು ಇಡೀ ಲಿನಕ್ಸ್ ಇದೆಯಂತೆ. ನಮ್ಮ ಡಿಸ್ಕನ್ನು ಮಲಗಲು ಬಿಟ್ಟು, ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿ, ಆಮೇಲೆ ಹೊರಗಿನವರಂತೆ ಡಿಸ್ಕಿನ ಬಾಗಿಲು ತೆಗೆದು ನೋಡಬಹುದಂತೆ. ಸ್ವಿಚ್ ಹಾಕಿದ. ಕರಿಯ ತೆರೆ, ಬಿಳಿಯ ಅಕ್ಷರ, ಪ್ಯಾನಿಕ್. “ಏ, ಇದು ಇನ್ನೂ ಹಳೇ ಬಾಗಲಾನ ಬಡ್ಯಾಕತ್ತೈತಿ,” ಎಂದು ಅವನು ಏನೋ ಗುಂಡಿ ಒತ್ತಿ, ಪೆನ್‌ಡ್ರೈವಿನಿಂದ ಮೊದಲು ಶುರುಮಾಡುವಂತೆ ಹೇಳಿದ. ಮತ್ತೆ ಹಾಕಿದ. ಈ ಸಲ ತೆರೆಯ ಮೇಲೆ ಬಣ್ಣ ಬಂತು. ಪರಿಚಯವಿಲ್ಲದ ಊರಿನ ಬಸ್‌ಸ್ಟ್ಯಾಂಡಿನಂಥ ಬಣ್ಣ, ಆದರೂ ಬಣ್ಣ.

ಅವನು ನಮ್ಮ ಡಿಸ್ಕು ತೆರೆದ. ನನ್ನ ಫೋಲ್ಡರು. ಅದರ ಪಕ್ಕ ಹೆಂಡತಿಯ ಫೋಲ್ಡರು. ‘ಸೆರಗು’ ಇತ್ತು. ‘ಸೆರಗು ಹೊಸದು’ ಇತ್ತು. ಅದರ ಕೆಳಗೆ ‘ಸೆರಗು ಇನ್ನೊಂದು’.

“ಅದ. ಅದನ್ನ ತಗೀರಿ,” ಅಂದಳು.

ತೆರೆಯಿತು. ಸಣ್ಣ ಸಣ್ಣ ಚೌಕಗಳಲ್ಲಿ ಗೋಪುರ ಕೆಳಗಿನಿಂದ ಮೇಲೆ ಎದ್ದಿತ್ತು, ಹೆಗಲು ದಾಟಿ, ಕೊರಳು ದಾಟಿ, ತುದಿಯ ಕಳಸದವರೆಗೆ. ಅವಳು ಕನ್ನಡಕ ಸರಿಮಾಡಿ, ತೆರೆಗೆ ಮೂಗು ಹಚ್ಚುವಷ್ಟು ಹತ್ತಿರ ಹೋಗಿ, ಬೆರಳಿನಿಂದ ಒಂದು ಸಾಲು ಎಣಿಸಿದಳು. ಇನ್ನೊಂದು ಸಾಲು ಎಣಿಸಿದಳು.

“ಬರೋಬ್ಬರಿ ಐತಿ,” ಅಂದಳು. ನಾನು ಈ ಫೋಲ್ಡರನ್ನು ಮುಟ್ಟಿಯೇ ಇರಲಿಲ್ಲ. ಯಾಕೆ ಮುಟ್ಟಲಿಲ್ಲವೆಂದು ಆಮೇಲೆ ಯೋಚಿಸಿದಾಗ ತಿಳಿಯಿತು: ಸಿಸ್ಟಮ್ಮಿಗೆ ನಾನು ಅಂಜಲಿಲ್ಲ, ಹೆಂಡತಿಗೆ ಅಂಜಿದ್ದೆ. ಅಂಜಿಕೆಯೂ ಕೆಲವೊಮ್ಮೆ ಸರಿಯಾದ ಜಾಗದಲ್ಲಿರುತ್ತದೆ.

ಗೆಳೆಯ ಕೈ ಉಜ್ಜಿಕೊಂಡ. “ಹೂಂ, ಈಗ ಇದನ್ನ ಮುಚ್ಚಿ, ಲೈಬ್ರರಿ ಏನಾಗ್ಯಾವ ನೋಡೂಣು.”

“ಮುಚ್ಚಬ್ಯಾಡ್ರಿ ಅಣ್ಣಾರ.”

ನಾವಿಬ್ಬರೂ ತಿರುಗಿ ನೋಡಿದೆವು. ಅವಳು ಕುರ್ಚಿ ಎಳೆದುಕೊಂಡು, ಸೆರಗು ಹರವಿ, ಸೂಜಿಗೆ ದಾರ ಪೋಣಿಸುತ್ತಿದ್ದಳು.

“ವೈನಿ, ಪೆನ್‌ಡ್ರೈವಿನ್ಯಾಗ ಇದನ್ನ ನಕಲು ಹಾಕಿ ಕೊಡ್ತೀನ್ರಿ. ಮನಿಯಾಗ ಕುಂತು…”

“ನಕಲಿನ ಸುದ್ದಿ ಬ್ಯಾಡ್ರಿ ಅಣ್ಣಾರ. ನಕಲು ಮಾಡಿನ ಇಲ್ಲೀ ಮಟಾ ಬಂದೇವಿ. ನನಗ ಕಾಣಾಕತ್ತೈತಿ, ನಾ ಹಾಕಿ ಮುಗಸ್ತೀನಿ. ಆಮ್ಯಾಲೆ ನಿಮ್ಮ ಡಬ್ಬಿ ಎದ್ದರ ಏಳಲಿ, ಮಕ್ಕೊಂಡ್ರ ಮಕ್ಕೊಳ್ಳಿ.”

ಹೀಗೆ ನನ್ನ ಕಂಪ್ಯೂಟರಿನ ಚಿಕಿತ್ಸೆ ತೆರೆಗಾಗಿ ಕಾಯುತ್ತ ಸರದಿಯಲ್ಲಿ ನಿಂತಿತು. ಗೆಳೆಯನಿಗೆ ಇದು ಹೊಸ ಅನುಭವ. ವಿದ್ಯೆ ಬೆರಳ ತುದಿಗೆ ಬಂದು ನಿಂತಿತ್ತು, ಕೀಲಿಮಣೆ ಮಾತ್ರ ಹಸಿರು ಸೀರೆಯ ಕೆಳಗೆ ಮುಚ್ಚಿಹೋಗಿತ್ತು. ಕಡೆಗೆ ನನಗಾದರೂ ಕಲಿಸೋಣವೆಂದು ಶುರುಮಾಡಿದ.

“ನಿಮ್ಮೂರಾಗ ಮದುವಿ ಆದ್ರ ಹಂಡೆ, ಕೊಪ್ಪರಿಗಿ, ಜಮಖಾನಾ ಎಲ್ಲಿಂದ ತರ್ತೀರಿ?”

“ಗುಡಿಯಿಂದ.”

“ಮನಿಗೊಂದು ಕೊಪ್ಪರಿಗಿ ಇಟ್ಕೊಂಡಿರ್ತೀರೇನು?”

“ಇಲ್ಲ. ಗುಡಿಯಾಗಿಂದ ಎಲ್ಲಾರೂ ತರೂದು.”

“ಹಂಗ ಲೈಬ್ರರಿ. ಎಲ್ಲಾ ಪ್ರೋಗ್ರಾಮಿಗೂ ಬೇಕಾಗೂ ಸಾಮಾನು ಒಂದ ಕಡೆ ಇಟ್ಟಿರ್ತಾರ. ಬರ್ತಾವು, ಇಸ್ಕೋತಾವು, ಕೆಲಸಾ ಮಾಡ್ತಾವು. ನೀ ಆ ಗುಡೀನ ಗುಡಿಸಿ ಒಗದಿ.”

“ಎಲ್ಲಾ ಹೋಗಿರ್ತಾವೇನೋ?”

“ಹೋಗಿದ್ರ ಹೊಸದಾಗಿ ಹಾಕಬೇಕು. ಹೊತ್ತ ಹಿಡಿತೈತಿ.”

“ಹಾಕೂ ಮುಂದ ಕರೆಂಟ್ ಹೋದ್ರ? ಈಗ ಹೋದ್ರ? ಈಗ ಆಕಿ ಹಾಕೂ ಮುಂದ…”

“ರೀ,” ಅಂದಳು ಹೆಂಡತಿ ತೆರೆಯಿಂದ ಕಣ್ಣು ತೆಗೆಯದೆ, “ಎಣಕಿ ತಪ್ತೈತಿ. ಬಾಯಿ ಮುಚ್ಕೊಂಡು ಕುಂಡ್ರಿ.”

ಕೂತೆವು. ಗಾಡಿಗಳು ಬಂದವು, ಹೋದವು. ಗೆಳೆಯ ಎರಡನೆಯ ಸಲ ಚಹಾ ಮಾಡಿ ತಂದ. ಅವಳ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಾಕುತ್ತ ಮುಂದೆ ಹೋಗುತ್ತಿತ್ತು; ಅದೇ ದಾರಿಯಲ್ಲಿ ಹಿಂದಿರುಗುತ್ತ, ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ಹೀಗೆ ಕೂತು ನೋಡಿರಲಿಲ್ಲ. ನೋಡುವಷ್ಟು ಹೊತ್ತು ನನಗೆ ಚಿಂತೆ ಮಾಡಲು ಮರೆತುಹೋಗಿತ್ತು.

ಕಳಸದ ತುದಿ ಮುಗಿದಾಗ ಬಿಸಿಲು ಬಾಗಿಲಿನಿಂದ ಅಂಗಳಕ್ಕೆ ಇಳಿದಿತ್ತು. ಅವಳು ಸೆರಗನ್ನು ತಿರುವಿ ಹಿಂಬದಿ ನೋಡಿದಳು. ಎಲ್ಲೂ ಒಂದು ಗಂಟಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ. ದಾರ ಕತ್ತರಿಸಿ, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಕುರ್ಚಿ ಬಿಟ್ಟೆದ್ದು, “ಹೂಂ ಅಣ್ಣಾರ, ಈಗ ನೋಡ್ರಿ ನಿಮ್ಮದು. ನನಗ ಒಂದೀಟು ಚಹಾ ಕೊಡ್ರಿ,” ಅಂದಳು.

ಗೆಳೆಯ ನಮ್ಮ ಡಿಸ್ಕಿನ ಮೇಲಿನ ಫೋಲ್ಡರಿಗೆ ಹೋದ. ಅಲ್ಲಿಂದ ಇನ್ನೊಂದರ ಒಳಗೆ, ಅದರಿಂದ ಮತ್ತೊಂದರ ಒಳಗೆ. ಲೈಬ್ರರಿ ಕಡತಗಳು ಸಾಲುಸಾಲಾಗಿ ಬಂದವು, ಬರುತ್ತಲೇ ಇದ್ದವು. ಅವನ ಹುಬ್ಬು ಮೇಲೇರಿತು.

“ಲೇ, ಒಂದೂ ಹೋಗಿಲ್ಲೋ. ಹಂಡೆ, ಕೊಪ್ಪರಿಗಿ ಎಲ್ಲಾ ಇಟ್ಟ ಜಾಗಾದಾಗ ಅದಾವು.”

“ಮತ್ತ ಯಾಕ ಏಳಲಿಲ್ಲ?”

ಅವನು ತಿರುಗಿ ಮೇಲಿನ ಫೋಲ್ಡರಿಗೆ ಬಂದು, ಹೆಸರುಗಳ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದ. ಕೆಲವು ಹೆಸರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತಿತ್ತು.

“ಇವು ನಕಲಲ್ಲ. ಕೈಮರಾ. ಹಾದ್ಯಾಗ ನೆಟ್ಟಿರ್ತಾರಲ್ಲ, ಇಂಥಾ ಊರು ಆ ಕಡೆ ಅಂತ, ಹಂತಾದ್ದು. ಒಳಗ ಏನೂ ಇರೂದಿಲ್ಲ. ಸಾಮಾನು ಅಲ್ಲೈತಿ ನೋಡ್ರಿ ಅಂತ ಬಟ್ಟು ತೋರಸ್ತಾವು, ಅಷ್ಟ. ಪ್ರೋಗ್ರಾಮುಗಳಿಗೆ ಹುಟ್ಟಿದಾಗಿನಿಂದ ಈ ಕೈಮರದ ಹೆಸರೊಂದ ಬಾಯಿಪಾಠ. ಗುಡಿ ಎಲ್ಲೈತಿ ಅನ್ನೂದು ಅವಕ್ಕ ಗೊತ್ತಿಲ್ಲ. ನೀ ಇಲ್ಲಿಂದ ಒಂದು ಕೈಮರಾ ಕಿತ್ತ ಒಗದಿ.”

ಅದನ್ನು ಮತ್ತೆ ನೆಡಲು ಅವನು ಒಂದೇ ಒಂದು ಸಾಲು ಟೈಪು ಮಾಡಿದ. ಹೆಂಡತಿ ಬಸಿಗೆ ಚಹಾ ಹಾಕಿಕೊಳ್ಳುವಷ್ಟರಲ್ಲಿ ಅದು ಮುಗಿದಿತ್ತು. ಪೆನ್‌ಡ್ರೈವು ಕಿತ್ತು ಸ್ವಿಚ್ ಹಾಕಿದ. ತೆರೆ ಕರ್ರಗಾಯಿತು, ನಾನು ಕಣ್ಣು ಮುಚ್ಚಿದೆ, ತೆಗೆದಾಗ ನಮ್ಮ ಕಂಪ್ಯೂಟರು ನಮ್ಮದೇ ಬಣ್ಣದಲ್ಲಿ ಎದ್ದು ಕೂತಿತ್ತು.

ಇಲಿ ಬಂದಿರಲಿಲ್ಲ. ಡಿಸ್ಕಿಗೆ ವಯಸ್ಸಾಗಿರಲಿಲ್ಲ. ಹೋದದ್ದು ಮೂರಕ್ಷರ, ಎರಡು ಅಂಕಿಯ ಒಂದು ಹೆಸರು, ಅದರ ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಬಾಣ.